ಬೆರಳುಗಳಿಂದ ಮಾತನಾಡಿದ ಆಟಗಾರ: ಲೂಥರ್ ಟೇಲರ್

ಮಾತು ಮನುಷ್ಯನಿಗೆ ದೊರೆತ ದೊಡ್ಡ ವರ. ಆದರೆ ಮಾತೆಲ್ಲವೂ ನಾಲಗೆಯಿಂದಲೇ ಹೊರಡಬೇಕೆಂಬ ನಿಯಮವೇನೂ ಇಲ್ಲ. ದನದ ಸಂತೆಯಲ್ಲಿ ದಲ್ಲಾಳಿಗಳು ವ್ಯಾಪಾರ ಕುದುರಿಸುವ ಬಗೆಯನ್ನು ನಮ್ಮ ಕೊಂಗುನಾಡಿನ ಹಿರಿಯರು ಚೆನ್ನಾಗಿ ಬಲ್ಲರು. ಇಬ್ಬರು ಟವಲಿನ ಮರೆಯಲ್ಲಿ ಕೈ ಕೈ ಹಿಡಿಯುತ್ತಾರೆ. ಬೆರಳು ಒತ್ತಿ ಬೆಲೆ ಹೇಳುತ್ತಾರೆ, ಬೆರಳು ಒತ್ತಿಯೇ ಉತ್ತರ ಕೊಡುತ್ತಾರೆ. ಸುತ್ತಲೂ ನೂರು ಜನ ನಿಂತಿದ್ದರೂ ಆ ಬೆಲೆ ತಿಳಿಯುವುದು ಅವರಿಬ್ಬರಿಗೆ ಮಾತ್ರ. ಮಗ್ಗದ ಶೆಡ್ಡಿನೊಳಗೆ ಹೋಗಿ ನೋಡಿದರೂ ಹೀಗೆಯೇ. ಮಗ್ಗಗಳ ಸದ್ದಿನಲ್ಲಿ ಕೂಗಿದ ಮಾತು ಕೇಳಿಸದಾಗ ಕೈಸನ್ನೆಯೇ ಮಾತಾಗುತ್ತದೆ.

ಹೀಗೆ ಕೈಯ ಮಾತನ್ನೇ ಬಾಳಿನ ಮಾತನ್ನಾಗಿ ಮಾಡಿಕೊಂಡು, ದೊಡ್ಡ ಆಟಗಾರರೆನಿಸಿ, ಕೊನೆಗೆ ಶಾಲೆಯ ಮಕ್ಕಳಿಗೆ ಗುರುವಾಗಿ ಬಾಳಿದವರೊಬ್ಬರ ಜೀವನ ಕಥೆಯನ್ನು ಇಲ್ಲಿ ಹೇಳಲಾಗಿದೆ. ಅವರೇ ಅಮೆರಿಕದ ಬೇಸ್‌ಬಾಲ್ ಆಟಗಾರ ಲೂಥರ್ ಹೇಡನ್ ಟೇಲರ್.

ಟೇಲರರ ಹಿರಿಮೆ ತಿಳಿಯಬೇಕಾದರೆ ಅವರ ಆಟದ ಪರಿಚಯ ಸ್ವಲ್ಪ ಬೇಕು. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿಗೆ ದೂರದ ನೆಂಟ. ಒಂದೊಂದು ಪಕ್ಷದಲ್ಲಿ ಒಂಬತ್ತು ಮಂದಿ ಇರುತ್ತಾರೆ. ಚೆಂಡು ಎಸೆಯುವವನಿಗೆ ಪಿಚರ್ ಎಂದು ಹೆಸರು. ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವವನಿಗೆ ಕ್ಯಾಚರ್ ಎಂದು ಹೆಸರು. ನಮ್ಮ ವಿಕೆಟ್ ಕೀಪರನಂತೆ ಎಂದುಕೊಳ್ಳಿರಿ. ಪಿಚರ್ ನಿಲ್ಲುವ ಜಾಗಕ್ಕೂ ಬ್ಯಾಟುಗಾರನ ಮುಂದಿರುವ ಹೋಮ್ ಪ್ಲೇಟ್ ಎಂಬ ಹಲಗೆಗೂ ನಡುವಣ ದೂರ 60 ಅಡಿ 6 ಅಂಗುಲ. ಕ್ರಿಕೆಟ್ ಪಿಚ್ಚಿನ ಉದ್ದ 66 ಅಡಿ. ಆದರೆ ಇಲ್ಲಿ ಚೆಂಡು ನೆಲಕ್ಕೆ ತಾಗದೆ ನೇರವಾಗಿ ಬರುತ್ತದೆ. ಪಿಚರ್ ಒಮ್ಮೆ ಭಾರಿ ವೇಗದಿಂದ ಎಸೆಯುತ್ತಾನೆ, ಒಮ್ಮೆ ಬಾಗಿ ಇಳಿಯುವಂತೆ ಎಸೆಯುತ್ತಾನೆ, ಮತ್ತೊಮ್ಮೆ ಬೇಕೆಂದೇ ನಿಧಾನವಾಗಿ ಎಸೆಯುತ್ತಾನೆ. ಮುಂದೆ ಬರುವ ಚೆಂಡು ಯಾವುದೆಂದು ಬ್ಯಾಟುಗಾರನಿಗೆ ತಿಳಿಯಬಾರದು. ಕ್ಯಾಚರನಿಗೆ ಮಾತ್ರ ತಿಳಿದಿರಲೇಬೇಕು. ತಿಳಿಯದಿದ್ದರೆ ವೇಗದ ಚೆಂಡಿಗೆ ಕಾದವನ ಎದುರಿಗೆ ಬಾಗುವ ಚೆಂಡು ಬಂದು ಕೈತಪ್ಪಿ ಹೋಗುತ್ತದೆ. ಕೆಲವೊಮ್ಮೆ ಬೆರಳನ್ನೇ ಮುರಿಯುತ್ತದೆ.

ಆದುದರಿಂದ ಪ್ರತಿಯೊಂದು ಎಸೆತಕ್ಕೂ ಮುಂಚೆ ಅವರಿಬ್ಬರ ನಡುವೆ ಒಂದು ಮೂಕ ಸಂಭಾಷಣೆ ನಡೆಯುತ್ತದೆ. ಕ್ಯಾಚರನು ತೊಡೆಗಳ ನಡುವೆ ಕೈಯಿಟ್ಟು ಬೆರಳು ತೋರಿಸುತ್ತಾನೆ. ಒಂದು ಬೆರಳಾದರೆ ವೇಗದ ಎಸೆತ, ಎರಡಾದರೆ ಬಾಗುವ ಎಸೆತ ಎಂಬುದು ವಾಡಿಕೆಯ ಸಂಜ್ಞೆ. ಪಿಚರ್ ಒಪ್ಪಿದರೆ ತಲೆದೂಗುತ್ತಾನೆ, ಒಪ್ಪದಿದ್ದರೆ ತಲೆಯಲ್ಲಾಡಿಸುತ್ತಾನೆ. ಆಗ ಕ್ಯಾಚರ್ ಬೇರೆ ಬೆರಳು ತೋರಿಸುತ್ತಾನೆ. ಎದುರು ಪಕ್ಷದ ಓಟಗಾರನು ಎರಡನೆಯ ಬೇಸಿನಲ್ಲಿ, ಎಂದರೆ ಪಿಚರನ ಬೆನ್ನ ಹಿಂದೆ, ನಿಂತಿದ್ದರೆ ಈ ಬೆರಳುಗಳು ಅವನಿಗೂ ಕಾಣುತ್ತವೆ. ಆಗ ಕ್ಯಾಚರನು ನಾಲ್ಕೈದು ಸಂಜ್ಞೆಗಳನ್ನು ಒಂದರ ಹಿಂದೆ ಒಂದರಂತೆ ತೋರಿಸುತ್ತಾನೆ. ಅವುಗಳಲ್ಲಿ ನಿಜವಾದುದು ಎಷ್ಟನೆಯದು ಎಂಬುದು ಮೊದಲೇ ಮಾಡಿಕೊಂಡ ಒಪ್ಪಂದ.

ಈ ಆಟ ಕಲಿಯುವ ಚಿಕ್ಕ ಕ್ಯಾಚರರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಸನ್ನೆಯನ್ನು ಮರೆಮಾಡುವ ಆತುರದಲ್ಲಿ ಪಿಚರನಿಗೂ ಕಾಣದಂತೆ ಮಾಡುತ್ತಾರೆ. ಇನ್ನು ಕೆಲವರು ಪಿಚರನಿಗೆ ಚೆನ್ನಾಗಿ ಕಾಣಲೆಂದು ಕೈಯನ್ನು ಕೆಳಕ್ಕೆ ಇಳಿಬಿಟ್ಟು ಊರಿಗೆಲ್ಲ ತೋರಿಸುತ್ತಾರೆ. ಇವೆರಡರ ನಡುವಣ ದಾರಿಯನ್ನು ತರಬೇತುದಾರರು ಕಲಿಸುತ್ತಾರೆ. ಕೈಯನ್ನು ತೊಡೆಗಳ ನಡುವೆ ಒಳಕ್ಕೆ ಇಡಬೇಕು. ಪಕ್ಕದಿಂದ ಯಾರೂ ನೋಡದಂತೆ ಚೆಂಡು ಹಿಡಿಯುವ ಗವಸನ್ನು ಎಡಮೊಣಕಾಲಿನ ಬಳಿ ಅಡ್ಡಹಿಡಿಯಬೇಕು. ಬೆರಳುಗಳನ್ನು ಒಂದಕ್ಕೊಂದು ಅಂಟಿಸದೆ ಬಿಡಿಸಿ ತೋರಿಸಬೇಕು. ಬೆಳಕು ಕಡಿಮೆಯಾದಾಗ ಉಗುರಿಗೆ ಬಿಳಿಯ ಬಣ್ಣ ಬಳಿದುಕೊಳ್ಳುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಪಿಚರ್ ತಲೆದೂಗುವವರೆಗೆ ಅವಸರಪಡಬಾರದು. ತೋರಿಸಿದ ಮಾತ್ರಕ್ಕೆ ಸನ್ನೆ ಮುಗಿಯಲಿಲ್ಲ. ಎದುರಿನವನು ಗ್ರಹಿಸಿದಾಗಲೇ ಅದು ಮುಗಿಯುವುದು. ಟೇಲರರ ಬಾಳೆಲ್ಲ ಈ ಒಂದು ಮಾತಿಗೆ ವ್ಯಾಖ್ಯಾನದಂತಿದೆ.

ಲೂಥರ್ ಟೇಲರ್ ಅವರು 1875ನೆಯ ಇಸವಿ ಫೆಬ್ರವರಿ 21ರಂದು ಅಮೆರಿಕದ ಕಾನ್ಸಾಸ್ ರಾಜ್ಯದ ಆಸ್ಕಲೂಸಾ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಎಳವೆಯಿಂದಲೇ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಕಿವಿಗೆ ಬೀಳದ ಮಾತು ಬಾಯಿಗೆ ಬರುವುದು ಬಲು ಕಷ್ಟ. ಹಾಗಾಗಿ ಮಾತೂ ಬರಲಿಲ್ಲ. ಅದೇ ರಾಜ್ಯದ ಒಲೇತಾ ನಗರದಲ್ಲಿದ್ದ ಕಿವುಡ ಮಕ್ಕಳ ಶಾಲೆಗೆ ಸೇರಿ ಅವರು ವಿದ್ಯೆ ಕಲಿತರು. ಸನ್ನೆಯ ಭಾಷೆಯೂ, ಒಂದೇ ಕೈಯ ಬೆರಳುಗಳಿಂದ ಇಂಗ್ಲಿಷಿನ 26 ಅಕ್ಷರಗಳನ್ನು ತೋರಿಸುವ ಬೆರಳಕ್ಷರವೂ ಅವರಿಗೆ ಕರಗತವಾದವು. ಆಟದ ಬಯಲಿನಲ್ಲಿ ಅವರ ಬಲಗೈ ಎಸೆತ ಎಲ್ಲರ ಕಣ್ಣಿಗೆ ಬಿತ್ತು.

ಆ ಕಾಲದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನವೊಂದು, ಕಿವುಡ ಮಕ್ಕಳಿಗೆ ಸನ್ನೆಯ ಭಾಷೆಯನ್ನು ಬಿಟ್ಟು ತುಟಿಯ ಚಲನೆಯನ್ನು ನೋಡಿ ಬಾಯಿಮಾತನ್ನೇ ಕಲಿಸಬೇಕೆಂದು ನಿರ್ಣಯ ಮಾಡಿತ್ತು. ಅದರ ಪರಿಣಾಮವಾಗಿ ಅನೇಕ ದೇಶಗಳ ಶಾಲೆಗಳಲ್ಲಿ ಕೈಸನ್ನೆ ಮಾಡುವುದೇ ತಪ್ಪೆನಿಸಿತು. ಸನ್ನೆಯೆಂದರೆ ಕೀಳು, ಅದನ್ನು ಆಡುವವರು ಬುದ್ಧಿ ಕಡಿಮೆಯವರು ಎಂಬ ಭಾವನೆ ಜನರಲ್ಲಿ ಬೇರೂರಿತ್ತು. ಅಂಥ ಕಾಲದಲ್ಲಿ ಸನ್ನೆಯನ್ನೇ ನಂಬಿದ ಯುವಕನೊಬ್ಬ ದೇಶದ ಮೊದಲ ದರ್ಜೆಯ ಆಟಕ್ಕೆ ಕಾಲಿಟ್ಟದ್ದು ಸಾಮಾನ್ಯ ಸಂಗತಿಯಲ್ಲ.

1900ರಲ್ಲಿ ಟೇಲರರು ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಸೇರಿದರು. ಅಲ್ಲಿ ಅವರಿಗೆ ಡಮ್ಮಿ ಎಂಬ ಅಡ್ಡಹೆಸರು ಬಿತ್ತು. ಡಮ್ಮಿ ಎಂದರೆ ಮೂಗ. ದಡ್ಡನೆಂಬ ಅರ್ಥವೂ ಆ ಪದಕ್ಕೆ ಇದೆ. ಆಗ ಕಿವಿ ಕೇಳದ ಆಟಗಾರರೆಲ್ಲರಿಗೂ ಅಲ್ಲಿ ಇದೇ ಹೆಸರು. ತಂದೆತಾಯಿಗಳು ಇಟ್ಟ ಹೆಸರು ಮರೆಯಾಗಿ, ದೇಹದ ಕೊರತೆಯೇ ಹೆಸರಾಗಿ ಉಳಿಯಿತು. ದಾಖಲೆಯ ಪುಸ್ತಕಗಳಲ್ಲಿ ಇಂದಿಗೂ ಅವರು ಡಮ್ಮಿ ಟೇಲರ್ ಎಂದೇ ಕಾಣಿಸುತ್ತಾರೆ.

ಚಿಕ್ಕ ಗುಬ್ಬಿಯ ಮೇಲೆ ದೊಡ್ಡ ಬೆಟ್ಟ ಬಿದ್ದಂತೆ 1901ರ ಹಂಗಾಮು ಅವರ ಮೇಲೆ ಬಿದ್ದಿತು. ತಂಡ ದುರ್ಬಲವಾಗಿತ್ತು. ಆ ವರ್ಷ ಅವರು ಪದೇ ಪದೇ ಕಣಕ್ಕಿಳಿದು 18 ಪಂದ್ಯಗಳಲ್ಲಿ ಗೆಲುವನ್ನೂ 27 ಪಂದ್ಯಗಳಲ್ಲಿ ಸೋಲನ್ನೂ ಕಂಡರು. ಒಂದೇ ವರ್ಷದಲ್ಲಿ 27 ಸೋಲುಗಳು! ಬೇರೆ ಯಾರಾದರೂ ಆಗಿದ್ದರೆ ಎದೆಗುಂದಿ ಊರಿಗೆ ಹಿಂದಿರುಗುತ್ತಿದ್ದರೇನೋ. ಟೇಲರರು ಹಾಗೆ ಮಾಡಲಿಲ್ಲ. ಅವರಿಗೆ ಆಸರೆಯಾದದ್ದು ಗೆಳೆಯರ ನಡತೆ. ತಂಡದ ನಾಯಕನಾಗಿದ್ದ ಜಾರ್ಜ್ ಡೇವಿಸ್ ತಾನೇ ಬೆರಳಕ್ಷರವನ್ನು ಕಲಿತು, ಇತರರೂ ಕಲಿಯುವಂತೆ ಹುರಿದುಂಬಿಸಿದ್ದನು.

ಇದರ ಬೆಲೆ ಎಷ್ಟೆಂಬುದು ಮರುವರ್ಷವೇ ಗೊತ್ತಾಯಿತು. 1902ರ ಆರಂಭದಲ್ಲಿ ಟೇಲರರು ಕ್ಲೀವ್‌ಲ್ಯಾಂಡ್ ನಗರದ ತಂಡಕ್ಕೆ ಹೋದರು. ಅಲ್ಲಿ ಸನ್ನೆ ಬಲ್ಲವರು ಯಾರೂ ಇರಲಿಲ್ಲ. ಊಟದ ಮೇಜಿನಲ್ಲಿ, ರೈಲಿನಲ್ಲಿ, ಆಟದ ಬೆಂಚಿನಲ್ಲಿ ಎಲ್ಲರೂ ಹರಟುತ್ತಿದ್ದಾಗ ಇವರೊಬ್ಬರೇ ಮೌನವಾಗಿ ಕುಳಿತಿರಬೇಕಾಯಿತು. ಇತ್ತ ಜೈಂಟ್ಸ್ ತಂಡಕ್ಕೆ ಅವರು ಮತ್ತೆ ಬೇಕೆನಿಸಿತು. ಕರೆತರಲು ಹೋದವನು ಅದೇ ತಂಡದ ಕ್ಯಾಚರ್ ಫ್ರ್ಯಾಂಕ್ ಬೋವರ್ಮನ್. ಇಲ್ಲೊಂದು ಸ್ವಾರಸ್ಯದ ಕಥೆಯಿದೆ. ಟೇಲರರು ಕ್ಲೀವ್‌ಲ್ಯಾಂಡಿನ ಪರವಾಗಿ ಆಡುತ್ತಿದ್ದಾಗಲೇ ಬೋವರ್ಮನ್ ಪ್ರೇಕ್ಷಕರ ನಡುವೆ ಕುಳಿತು, ಹಿಂದಿರುಗಿ ಬಂದರೆ ಕೊಡುವ ಸಂಬಳವೆಷ್ಟೆಂದು ಬೆರಳುಗಳಿಂದಲೇ ತಿಳಿಸಿದನಂತೆ. ಟೇಲರರು ಮೈದಾನದ ನಡುವಿನಿಂದಲೇ ಸಾಲದೆಂದು ತಲೆಯಲ್ಲಾಡಿಸುತ್ತಾ ಹೋಗಿ, ಮೊತ್ತ ಸರಿಯೆನಿಸಿದಾಗ ತಲೆದೂಗಿದರಂತೆ. ಸಾವಿರಾರು ಕಣ್ಣುಗಳ ಎದುರಿಗೇ ನಡೆದರೂ ಆ ವ್ಯಾಪಾರ ಯಾರಿಗೂ ತಿಳಿಯಲಿಲ್ಲ. ನಮ್ಮ ಸಂತೆಯ ಟವಲೂ ಅಲ್ಲಿ ಬೇಕಾಗಲಿಲ್ಲ! ಸಂಬಳದ ಆಸೆಯೊಂದೇ ಅವರನ್ನು ಎಳೆದು ತಂದಿತೆಂದು ಹೇಳಲಾಗದು. ತನ್ನ ಭಾಷೆ ಬಲ್ಲವರ ಬಳಿಗೆ ಹೋಗುವ ಹಂಬಲವೂ ಅವರಲ್ಲಿ ಇತ್ತು.

ಅವರು ಹಿಂದಿರುಗಿದ ಕೆಲವೇ ದಿನಗಳಲ್ಲಿ, 1902ರ ಮೇ 16ರಂದು, ಸಿನ್ಸಿನಾಟಿಯಲ್ಲಿ ನಡೆದ ಪಂದ್ಯ ಕ್ರೀಡಾ ಇತಿಹಾಸದಲ್ಲಿ ಸೇರಿಹೋಗಿದೆ. ಎದುರು ತಂಡದಲ್ಲಿದ್ದವರು ವಿಲಿಯಂ ಹೋಯ್. ಅವರಿಗೂ ಕಿವಿ ಕೇಳುತ್ತಿರಲಿಲ್ಲ. 1862ರಲ್ಲಿ ಒಹಾಯೊ ರಾಜ್ಯದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ಮಿದುಳುಜ್ವರದಿಂದ ಕಿವಿ ಕಳೆದುಕೊಂಡು, ಮೆಟ್ಟು ಹೊಲಿಯುವ ಕಸುಬಿನಿಂದ ಆಟಕ್ಕೆ ಬಂದ ಹಿರಿಯರು ಅವರು. ತೀರ್ಪುಗಾರನು ಬಾಯಲ್ಲಿ ಕೂಗಿ ಹೇಳುತ್ತಿದ್ದ ತೀರ್ಪು ಅವರಿಗೆ ಕೇಳಿಸುತ್ತಿರಲಿಲ್ಲ. ಹಿಂದಿರುಗಿ ನೋಡುವಷ್ಟರಲ್ಲಿ ಪಿಚರ್ ಮುಂದಿನ ಚೆಂಡನ್ನು ಎಸೆದುಬಿಡುತ್ತಿದ್ದನು. ಅದಕ್ಕಾಗಿ ಅವರು ಮೂರನೆಯ ಬೇಸಿನ ಬಳಿ ನಿಂತ ತರಬೇತುದಾರನೊಡನೆ ಒಂದು ಏರ್ಪಾಟು ಮಾಡಿಕೊಂಡಿದ್ದರು. ಒಂದು ತೀರ್ಪಿಗೆ ಅವನು ಎಡಗೈ ಎತ್ತುವುದು, ಇನ್ನೊಂದಕ್ಕೆ ಬಲಗೈ ಎತ್ತುವುದು. ಆ ದಿನ ಹೋಯ್ ಬ್ಯಾಟು ಹಿಡಿದು ಬಂದಾಗ ಟೇಲರರನ್ನು ಕಂಡು ಸಂತೋಷವಾಯಿತೆಂದು ಕೈಸನ್ನೆಯಿಂದ ತಿಳಿಸಿದರು. ಆಮೇಲೆ ಕಿರಿಯನೆಂಬ ದಾಕ್ಷಿಣ್ಯ ತೋರದೆ ಚೆಂಡನ್ನು ಹೊಡೆದು ಮೊದಲನೆಯ ಬೇಸಿಗೆ ಓಡಿದರು. ಕಿವಿ ಕೇಳದ ಪಿಚರೂ ಕಿವಿ ಕೇಳದ ಬ್ಯಾಟುಗಾರರೂ ದೊಡ್ಡ ಲೀಗಿನಲ್ಲಿ ಎದುರುಬದುರಾದುದು ಅದೇ ಮೊದಲು.

ಅದೇ ವರ್ಷ ಜುಲೈನಲ್ಲಿ ಜಾನ್ ಮೆಕ್‌ಗ್ರಾ ಎಂಬವರು ಜೈಂಟ್ಸ್ ತಂಡದ ಮೇಲ್ವಿಚಾರಕರಾಗಿ ಬಂದರು. ಬಲು ಮುಂಗೋಪಿ, ಆದರೆ ಆಟದ ಒಳಮರ್ಮ ಬಲ್ಲವರು. ಅವರೂ ಬೆರಳಕ್ಷರ ಕಲಿತರು, ಆಟಗಾರರಿಗೂ ಕಲಿಸಿದರು. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಕ್ಯಾಚರನ ಬೆರಳು ಸಂಜ್ಞೆಯನ್ನು ಓದುವುದರಲ್ಲಿ ಟೇಲರರಿಗೆ ಯಾವ ಕೊರತೆಯೂ ಇರಲಿಲ್ಲ. ಅದು ಕಣ್ಣಿನ ಕೆಲಸ; ಅವರ ಕಣ್ಣು ಬಾಲ್ಯದಿಂದಲೇ ಪಳಗಿದ್ದಿತು. ಕೊರತೆ ಇದ್ದದ್ದು ಬೇರೆಡೆಯಲ್ಲಿ. ಹಿಂದೆ ನಿಂತವರು ಕೂಗಿ ಎಚ್ಚರಿಸಿದರೆ ಕೇಳದು. ಬ್ಯಾಟಿಗೆ ಚೆಂಡು ತಗುಲಿದ ಸದ್ದು ಕೇಳದು. ಬೆಂಚಿನ ಮೇಲೆ ನಡೆಯುವ ಸಲಹೆ ಸಮಾಲೋಚನೆ ಕೇಳದು. ಈ ಕೊರತೆಯನ್ನು ನೀಗಿಸಿಕೊಳ್ಳುವ ಭಾರವನ್ನು ಟೇಲರರೊಬ್ಬರ ತಲೆಯ ಮೇಲೆಯೇ ಹೊರಿಸದೆ, ತಂಡದವರು ತಾವೂ ಹಂಚಿಕೊಂಡರು.

ಅದರಿಂದ ಲಾಭವಾದದ್ದು ಟೇಲರರಿಗೆ ಮಾತ್ರವಲ್ಲ. ಮೆಕ್‌ಗ್ರಾ ಅವರು ಓಟಗಾರನಿಗೆ ಮುಂದಿನ ಬೇಸಿಗೆ ನುಗ್ಗೆಂದು ಹೇಳಬೇಕಾದಾಗ ಬೆರಳಿನಿಂದಲೇ ಅಕ್ಷರಗಳನ್ನು ಕೂಡಿಸಿ ತೋರಿಸುತ್ತಿದ್ದರು. ಒಬ್ಬನಿಗಾಗಿ ಕಲಿತ ಭಾಷೆ ಇಡೀ ತಂಡದ ಆಯುಧವಾಯಿತು. ಆದರೆ ಸನ್ನೆಯ ಭಾಷೆ ಗುಪ್ತಲಿಪಿಯಲ್ಲ, ಅದು ಯಾರು ಬೇಕಾದರೂ ಕಲಿಯಬಹುದಾದ ಭಾಷೆ. ಒಮ್ಮೆ ಟೇಲರರು ತೀರ್ಪುಗಾರನ ಮೇಲೆ ಸಿಟ್ಟಾಗಿ ಬೆರಳುಗಳಿಂದಲೇ ಬೈದರಂತೆ. ಆ ತೀರ್ಪುಗಾರನಿಗೂ ಬೆರಳಕ್ಷರ ತಿಳಿದಿತ್ತಂತೆ. ಮುಂದೇನಾಯಿತೆಂದು ಹೇಳಬೇಕಾಗಿಲ್ಲ, ದಂಡ ತೆರಬೇಕಾಯಿತು!

ಟೇಲರರು ಹಾಸ್ಯ ಪ್ರವೃತ್ತಿಯವರು. ಮಳೆ ಬಂದು ಮೈದಾನ ಕೆಸರಾಗಿದ್ದರೂ ಆಟ ನಿಲ್ಲಿಸದ ತೀರ್ಪುಗಾರನೊಬ್ಬನನ್ನು ಅಣಕಿಸಲು ಅವರು ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು ಧರಿಸಿ ಮೂರನೆಯ ಬೇಸಿನ ಬಳಿ ಹೋಗಿ ನಿಂತರಂತೆ. ಪ್ರೇಕ್ಷಕರು ನಕ್ಕರು. ತೀರ್ಪುಗಾರನು ನಗದೆ ಅವರನ್ನು ಹೊರಗೆ ಕಳುಹಿಸಿದನು.

1904ರಲ್ಲಿ ಅವರ ಪ್ರತಿಭೆ ಪೂರ್ಣವಾಗಿ ಅರಳಿತು. ಆ ವರ್ಷ ಜೈಂಟ್ಸ್ ತಂಡ 106 ಪಂದ್ಯಗಳಲ್ಲಿ ಗೆದ್ದು ತನ್ನ ಲೀಗಿನಲ್ಲಿ ಮೊದಲ ಸ್ಥಾನ ಪಡೆಯಿತು. ಆ ಗೆಲುವುಗಳಲ್ಲಿ 21 ಟೇಲರರ ಪಾಲಿನವು. ಮೂರು ವರ್ಷಗಳ ಹಿಂದೆ 27 ಸೋಲು ಉಂಡಿದ್ದ ಕೈ ಅದೇ! ಮರುವರ್ಷವೂ ತಂಡ ಮೊದಲ ಸ್ಥಾನ ಪಡೆದು ವಿಶ್ವ ಸರಣಿಯಲ್ಲಿ ಆಡಿತು. ಮೂರನೆಯ ಪಂದ್ಯದಲ್ಲಿ ಟೇಲರರು ಎಸೆಯಬೇಕೆಂದು ಗೊತ್ತಾಗಿತ್ತು. ಆದರೆ ಅಂದು ಮಳೆ ಸುರಿಯಿತು. ಆಟ ಮುಂದಕ್ಕೆ ಹೋದಾಗ ದಣಿವಾರಿಸಿಕೊಂಡ ಕ್ರಿಸ್ಟಿ ಮ್ಯಾಥ್ಯೂಸನ್ ಎಂಬ ಮಹಾ ಆಟಗಾರನಿಗೆ ಆ ಅವಕಾಶ ಹೋಯಿತು. ತಂಡ ವಿಶ್ವ ಸರಣಿಯನ್ನು ಗೆದ್ದಿತು. ಟೇಲರರಿಗೆ ಅದರಲ್ಲಿ ಒಂದು ಚೆಂಡನ್ನೂ ಎಸೆಯುವ ಭಾಗ್ಯ ಬರಲಿಲ್ಲ. 1908ರವರೆಗೆ ಅವರು ಜೈಂಟ್ಸ್ ತಂಡದಲ್ಲಿದ್ದರು. ದೊಡ್ಡ ಲೀಗಿನಲ್ಲಿ ಅವರ ಒಟ್ಟು ಗೆಲುವುಗಳು 116, ಸೋಲುಗಳು 106. ಆಮೇಲೆ ಕೆಲವು ವರ್ಷ ಚಿಕ್ಕ ಲೀಗುಗಳಲ್ಲಿ ಆಡಿದರು.

ಅನೇಕ ಆಟಗಾರರ ಜೀವನ ಚರಿತ್ರೆ ಇಲ್ಲಿಗೆ ಮುಗಿಯುತ್ತದೆ. ಟೇಲರರ ಬಾಳಿನ ಉತ್ತಮ ಭಾಗ ಇಲ್ಲಿಂದ ಮೊದಲಾಗುತ್ತದೆ. ಅವರು ಕಿವುಡ ಮಕ್ಕಳ ಶಾಲೆಗೆ ಹಿಂದಿರುಗಿದರು. ಮೊದಲು ತಾವು ಓದಿದ ಕಾನ್ಸಾಸಿನಲ್ಲಿ, ಆಮೇಲೆ ಅಯೋವಾ ರಾಜ್ಯದಲ್ಲಿ, ಕೊನೆಗೆ ಇಲಿನಾಯ್ ರಾಜ್ಯದ ಜಾಕ್ಸನ್‌ವಿಲ್ ನಗರದಲ್ಲಿ ಮಕ್ಕಳ ನಡುವೆ ಬಾಳಿದರು. ಆಟ ಕಲಿಸುವುದು, ಮಕ್ಕಳ ಯೋಗಕ್ಷೇಮ ನೋಡುವುದು ಅವರ ಕೆಲಸವಾಯಿತು. ನ್ಯೂಯಾರ್ಕಿನ ಜನಸಾಗರದ ಮುಂದೆ ಆಡಿ ಬಂದವರು ತಮ್ಮ ಭಾಷೆಯಲ್ಲೇ ತಮಗೆ ಆಟ ಹೇಳಿಕೊಡುತ್ತಿದ್ದಾರೆಂದರೆ ಆ ಮಕ್ಕಳಿಗೆ ಎಂಥ ಧೈರ್ಯ ಬಂದಿರಬೇಕು! ಅಲ್ಲಿ ಯಾರೂ ಯಾರಿಗೂ ಮೂಗರಲ್ಲ.

ಜಾಕ್ಸನ್‌ವಿಲ್‌ನ ಶಾಲೆಯಲ್ಲಿ ಅವರ ಕೈಯಲ್ಲಿ ಪಳಗಿದ ಹುಡುಗರಲ್ಲಿ ರಿಚರ್ಡ್ ಸೈಪೆಕ್ ಒಬ್ಬನು. ಅವನು 1945ರಲ್ಲಿ ಸಿನ್ಸಿನಾಟಿ ರೆಡ್ಸ್ ತಂಡಕ್ಕೆ ಸೇರಿ ದೊಡ್ಡ ಲೀಗಿನಲ್ಲಿ ಆಡಿದನು. ಅವನಿಗೂ ಕಿವಿ ಕೇಳುತ್ತಿರಲಿಲ್ಲ. ಆದರೆ ಅವನನ್ನು ಯಾರೂ ಡಮ್ಮಿ ಎಂದು ಕರೆಯಲಿಲ್ಲ. ಡಿಕ್ ಎಂಬ ಮುದ್ದಿನ ಹೆಸರಿನಿಂದ ಕರೆದರು. ಗುರುವಿಗೆ ದೊರೆಯದ ಗೌರವ ಶಿಷ್ಯನಿಗೆ ದೊರೆಯಿತು. ಗುರುವಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಬೇರೆ ಯಾವುದಿದೆ?

1958ರ ಆಗಸ್ಟ್ 22ರಂದು ಜಾಕ್ಸನ್‌ವಿಲ್‌ನಲ್ಲಿ ಲೂಥರ್ ಟೇಲರ್ ಕಾಲವಾದರು. ಆಗ ಅವರಿಗೆ 83 ವರ್ಷ. ಅವರಿಗಿಂತ ಹಿರಿಯರಾದ ಹೋಯ್ ಇನ್ನೂ ಮೂರು ವರ್ಷ ಬದುಕಿದ್ದು, 1961ರ ವಿಶ್ವ ಸರಣಿಯ ಪಂದ್ಯವೊಂದರಲ್ಲಿ ಗೌರವಾರ್ಥವಾಗಿ ಮೊದಲ ಚೆಂಡನ್ನು ಎಸೆದು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು.

ಅಂದಿನಿಂದ ಇಂದಿಗೆ ಜಗತ್ತು ಬದಲಾಗಿದೆ. ಅಮೆರಿಕದ ದೊಡ್ಡ ಲೀಗುಗಳಲ್ಲಿ 2022ರಿಂದ ಕ್ಯಾಚರರು ಪಿಚ್‌ಕಾಮ್ ಎಂಬ ಸಾಧನವನ್ನು ಬಳಸುತ್ತಿದ್ದಾರೆ. ಗುಂಡಿ ಒತ್ತಿದರೆ ಪಿಚರನ ಟೋಪಿಯೊಳಗೆ ಮಾತು ಕೇಳಿಸುತ್ತದೆ. ಶಾಲೆಯ ಬಯಲುಗಳಲ್ಲಿ ಈಗಲೂ ಬೆರಳಿನ ಸನ್ನೆಯೇ ಆಧಾರ. ಮಿಲಾನಿನ ನಿರ್ಣಯವನ್ನು 2010ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿದ ಅದೇ ಬಗೆಯ ಸಮ್ಮೇಳನ ತಳ್ಳಿಹಾಕಿತು. ನಮ್ಮ ದೇಶದಲ್ಲಿಯೂ ಕೆಲಸ ನಡೆದಿದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಕ್ಕಳ ಕಿವಿಯನ್ನೂ ಮಾತನ್ನೂ ಪರೀಕ್ಷಿಸಿ ನೆರವಾಗುತ್ತಿದೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಗಾಗಿಯೇ ಒಂದು ಸಂಶೋಧನಾ ಕೇಂದ್ರ ಆರಂಭವಾಯಿತು. ಮಗು ಕರೆದಾಗ ತಿರುಗದಿದ್ದರೆ, ಮಾತು ತಡವಾದರೆ, ಹಟಮಾರಿಯೆಂದೋ ದಡ್ಡನೆಂದೋ ಗದರಿಸದೆ ಬೇಗನೆ ಕಿವಿಯ ಪರೀಕ್ಷೆ ಮಾಡಿಸಬೇಕೆಂದು ತಂದೆತಾಯಿಗಳಲ್ಲಿ ನಮ್ಮ ವಿನಂತಿ.

ವಿದ್ಯಾರ್ಥಿಗಳು ಈ ಜೀವನದಿಂದ ಕಲಿಯಬೇಕಾದುದು ಮುಖ್ಯವಾಗಿ ಎರಡು. ಮೊದಲನೆಯದು ಆಟಕ್ಕೆ ಸೇರಿದ್ದು. ಸಂಜ್ಞೆಯಾಗಲಿ ಮಾತಾಗಲಿ ಮೊದಲೇ ಇಬ್ಬರೂ ಒಪ್ಪಿಕೊಂಡದ್ದಾಗಿರಬೇಕು, ಸ್ಪಷ್ಟವಾಗಿರಬೇಕು, ಎದುರಿನವನಿಗೆ ತಿಳಿಯಿತೇ ಎಂದು ನೋಡಿಕೊಂಡೇ ಮುಂದಕ್ಕೆ ಹೋಗಬೇಕು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಇನ್ನೊಂದು ಭಾಷೆ ಆಡುವ ನಮ್ಮೂರಿನ ಮಕ್ಕಳಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಿಲ್ಲ. ಎರಡನೆಯದು ಬಾಳಿಗೆ ಸೇರಿದ್ದು. ಸಹಪಾಠಿಯ ಕೊರತೆಯನ್ನೇ ಅವನ ಹೆಸರನ್ನಾಗಿ ಮಾಡಿ ಕರೆಯುವುದು ಸುಲಭ. ಕುಂಟ, ಕಿವುಡ, ತೊದಲ ಎಂದು ಕೂಗಲು ಯಾವ ವಿದ್ಯೆಯೂ ಬೇಡ. ಅವನಿಗೆ ತಿಳಿಯುವಂತೆ ಹೇಳುವುದನ್ನು ತಾನು ಕಲಿಯುವುದು ಕಷ್ಟ. ಜೈಂಟ್ಸ್ ತಂಡದವರು ಆ ಕಷ್ಟವನ್ನು ಪಟ್ಟರು. ಅದರ ಫಲವನ್ನು ಟೇಲರರೊಂದಿಗೆ ತಾವೂ ಉಂಡರು. ನಮ್ಮ ಶಾಲೆಯ ಮಕ್ಕಳೂ ಅಂಥ ಗೆಳೆಯರಾಗಿ ಬೆಳೆಯಲಿ.